ಚಿಕ್ಕಮ್ಮನ ಕೈ ಕಾಣಬೇಕಿತ್ತು

ನಮ್ಮ ಚಿಕ್ಕಮ್ಮನಿಗೆ ಹುಟ್ಟಿದಾಗಿಂದ ಕಿವಿ ಕೇಳಿಸೋದಿಲ್ಲ, ಮಾತೂ ಬರೋದಿಲ್ಲ. ಹಾಗಂತ ಅವಳನ್ನ ಸುಮ್ಮನಿರೋ ಹೆಂಗಸು ಅಂತ ಯಾರಾದ್ರೂ ತಿಳ್ಕೊಂಡ್ರೆ ಕೆಟ್ರು. ಟಿ. ನರಸೀಪುರದಲ್ಲಿ ಅವಳಷ್ಟು ಮಾತಾಡೋರನ್ನ ನಾನು ನೋಡಿಲ್ಲ. ಎಲ್ಲ ಕೈಯಲ್ಲೇ. ಯಾವ ಶಾಲೇಲೂ ಕಲಿತಿದ್ದಲ್ಲ ಅದು, ಅವಳೂ ಚಿಕ್ಕಪ್ಪನೂ ಸೇರಿ ಕಟ್ಕೊಂಡಿದ್ದ ಭಾಷೆ. ಚಿಕ್ಕಪ್ಪನದು ಹಿಟ್ಟಿನ ಗಿರಣಿ. ಗಿರಣಿ ಓಡ್ತಾ ಇದ್ರೆ ಅಲ್ಲಿ ಎಲ್ರೂ ಕಿವುಡ್ರೇ ತಾನೆ? ರಾಗಿ ತಂದ ಹೆಂಗಸರು ಗಂಟಲು ಹರ್ಕೊಳ್ತಾ ಇದ್ರೆ, ಇವರಿಬ್ಬರು ಮಾತ್ರ ಈ ಮೂಲೆಯಿಂದ ಆ ಮೂಲೆಗೆ ಆರಾಮಾಗಿ ಕೈಯಲ್ಲಿ ಹರಟೆ ಹೊಡೀತಾ ಇದ್ರು. ಚಿಕ್ಕಪ್ಪನಿಗೊಂದು ಅಭ್ಯಾಸ ಇತ್ತು. ಅವಳು ಕೈಯಲ್ಲಿ ಹೇಳಿದ್ದನ್ನ ಒಂದು ಸಲ ಬಾಯಲ್ಲಿ ಜೋರಾಗಿ ಹೇಳ್ಕೊಂಡು ಖಾತ್ರಿ ಮಾಡ್ಕೊಳ್ಳೋನು. ಅದೇ ಗಿರಣಿ ಗಂಟಲು. ಮನೇಲಿ, ಮದುವೇಲಿ, ಆಸ್ಪತ್ರೇಲಿ, ಎಲ್ಲೇ ಹೋದ್ರೂ ಆ ಗಂಟಲು ಇಳೀತಿರಲಿಲ್ಲ.

ಊರಿನವರಿಗೆಲ್ಲ ಅವಳು ಕೈಯಲ್ಲೇ ಹೆಸರಿಟ್ಟಿದ್ಲು. ಪಕ್ಕದ ಮನೆ ಮೇಷ್ಟ್ರು ಅಂದ್ರೆ ಕನ್ನಡಕ ಮೇಲಕ್ಕೆ ತಳ್ಳೋದು. ಹಾಲಿನವನು ಅಂದ್ರೆ ಮೀಸೆ ತಿರುವೋದು. ನಾನು ಅಂದ್ರೆ ಮೂಗು ಹಿಂಡೋದು. ಚಿಕ್ಕಂದಿನಲ್ಲಿ ನನಗೆ ವರ್ಷವಿಡೀ ನೆಗಡಿ. ಈ ಹೆಸರು ನನಗೆ ಗೊತ್ತಾಗಿದ್ದೂ ಚಿಕ್ಕಮ್ಮನಿಂದಲ್ಲ, ಅವಳ ಒಬ್ಬಳೇ ಮಗಳಿಂದ, ಅಂದ್ರೆ ನನ್ನ ತಂಗಿಯಿಂದ. ಎದುರಿಗೆ ಇದ್ದವರನ್ನ ಹೆಸರು ಹಿಡಿದು ಕರೆಯೋ ಅಗತ್ಯ ಚಿಕ್ಕಮ್ಮನಿಗಿರಲಿಲ್ಲ, ಕಾಲಲ್ಲಿ ನೆಲ ಕುಟ್ಟಿದ್ರೆ ಸಾಕು, ತಿರುಗಿ ನೋಡ್ತಿದ್ವಿ. ಹೆಸರು ಬೇಕಾಗ್ತಿದ್ದದ್ದು ನಮ್ಮ ಬೆನ್ನ ಹಿಂದೆ ನಮ್ಮ ವಿಷಯ ಮಾತಾಡೋಕೆ.

ಚಿಕ್ಕಪ್ಪ ಹೋಗಿ ಎರಡು ವರ್ಷ ಆಯ್ತು. ಅದಾದ ಮೇಲೆ ಚಿಕ್ಕಮ್ಮನಿಗೆ ಲಕ್ವ ಹೊಡೆದು ಬಲಗೈ ಬಿದ್ದೋಯ್ತು. ಬೇರೆಯವರಿಗೆ ಕೈ ಹೋದ್ರೆ ಕೈ ಹೋಯ್ತು, ಅಷ್ಟೇ. ಇವಳಿಗೆ ಬಾಯೇ ಹೋದಂಗಾಯ್ತು. ಅವಳ ಮಾತುಗಳಲ್ಲಿ ಮುಕ್ಕಾಲು ಪಾಲು ಎರಡು ಕೈಯವು. ಎಡಗೈಯಲ್ಲಿ ಉಳಿದಿದ್ದು ಅರ್ಧರ್ಧ ಮಾತು. ಬನ್ನೂರಿಗೆ ಮದುವೆಯಾಗಿ ಹೋಗಿದ್ದ ತಂಗಿ ಹೊಲಿಗೆ ಮಿಷನ್ ಸಮೇತ ಬಂದು ಅಮ್ಮನ ಜೊತೆ ನಿಂತ್ಲು. ಅವಳಿಗೂ ಆ ಅರ್ಧ ಮಾತು ತಿಳೀತಿರಲಿಲ್ಲ. ಗಂಡನ ಮನೆ ಸೇರಿ ಮೂವತ್ತು ವರ್ಷ ಆಗೋಗಿದೆ, ಕೈಮಾತು ಅವಳಿಗೂ ಅಷ್ಟಷ್ಟೇ ಮರೆತಿತ್ತು.

ಒಂದಿನ ನಂಜನಗೂಡಿಗೆ ನನಗೆ ಫೋನ್ ಮಾಡಿದ್ಲು. ನನ್ನದು ಅಲ್ಲಿ ಬಜಾರಿನ ಹತ್ರ ಒಂದು ಸ್ಟುಡಿಯೋ. ಈಗ ಪಾಸ್‌ಪೋರ್ಟ್ ಫೋಟೋ, ಜೆರಾಕ್ಸು, ಲ್ಯಾಮಿನೇಷನ್ ಅಷ್ಟೇ. ಒಂದು ಕಾಲಕ್ಕೆ ವಿಡಿಯೋದವನು ಅಂತ ಸುತ್ತಮುತ್ತಲ ಹೋಬಳೀಲೆಲ್ಲ ಹೆಸರಿತ್ತು. ನನ್ನ ಮದುವೆ ಕ್ಯಾಸೆಟ್ಟಲ್ಲಿ ಅಮ್ಮ ಎರಡೂ ಕೈಯಲ್ಲಿ ಮಾತಾಡ್ತಾಳಲ್ಲಣ್ಣ, ಅದನ್ನ ಕಂಪ್ಯೂಟರಿಗೆ ಹಾಕ್ಕೊಡು, ನಿಧಾನಕ್ಕೆ ನಿಲ್ಲಿಸಿ ನಿಲ್ಲಿಸಿ ನೋಡಿದ್ರೆ ಮರೆತಿರೋದು ನೆನಪಾಗಬಹುದು ಅಂತ ಕೇಳಿದ್ಲು. ಆ ಮದುವೆ ನಾನು ಕ್ಯಾಮರಾ ಹೊತ್ತ ಮೊದಲನೇ ಮದುವೆ. ಕ್ಯಾಮರಾ ಅಂದ್ರೆ ಈಗಿನ ಥರ ಅಂಗೈಯಲ್ಲಿ ಇಡೋದಲ್ಲ ಕಣ್ರೀ, ಬಲಭುಜದ ಮೇಲೆ ಅಕ್ಕಿ ಚೀಲದಂಗೆ ಕೂರೋದು.

ಅದೇನು ಮಹಾ ಕೆಲಸ ಅಂದ್ಕೊಂಡೆ. ಪೆನ್‌ಡ್ರೈವ್ ಗಾತ್ರದ ಒಂದು ಕಡ್ಡಿ ಸಿಗ್ತದೆ. ಅದರ ಒಂದು ತುದಿ ವಿಸಿಆರ್‌ಗೆ, ಇನ್ನೊಂದು ತುದಿ ಲ್ಯಾಪ್‌ಟಾಪಿಗೆ. ನನ್ನ ಹತ್ರ ಇದ್ದ ಕಾಪಿ ಕ್ಯಾಸೆಟ್ಟನ್ನೇ ಒಂದು ಮಧ್ಯಾಹ್ನ ಓಡಿಸಿ, ಸ್ಕೂಟರಲ್ಲಿ ನರಸೀಪುರಕ್ಕೆ ಹೋಗಿ ಅವರ ಟಿವಿಗೆ ಹಾಕಿದೆ. ತಂಗಿ ತನ್ನ ಮದುವೆ ಸೀರೆ ನೋಡಿ ನಕ್ಕಳು, ಅಪ್ಪನ್ನ ನೋಡಿ ಅತ್ತಳು. ಆಮೇಲೆ ಅವಳಮ್ಮ ಬಂದ್ಲು. ಕೈ ಎತ್ತಿದ್ಲು. ಕೈ ಎತ್ತಿದ್ದೇ ತಡ ಬೆರಳೆಲ್ಲ ಕಲಸಿಹೋಗಿ ಗಂಜಿ ಆಗೋಯ್ತು. ಧ್ವನಿಯಂತೂ ಓಡ್ತಾ ಓಡ್ತಾ ಹಿಂದೆ ಬಿದ್ದು, ಚಿಕ್ಕಪ್ಪನ ಮಾತು ಇನ್ಯಾರದೋ ಮುಖದ ಮೇಲೆ ಕೇಳ್ತಿತ್ತು. ಯಾರಿಗೆ ಏನು ಹೇಳ್ತಿದಾನೆ ಅನ್ನೋದೇ ತಿಳೀಲಿಲ್ಲ.

"ಎಲ್ಲರ ಮುಖಾನೂ ಐತೆ ಅಣ್ಣ," ಅಂದ್ಲು ತಂಗಿ. "ಅಮ್ಮನ ಕೈ ಮಾತ್ರ ಇಲ್ಲ."

ಅವಳೇನು ಜೋರಾಗಿ ಹೇಳಲಿಲ್ಲ. ನನಗೆ ಮಾತ್ರ ಚಪ್ಪಲೀಲಿ ಹೊಡೆದಂಗಾಯ್ತು. ಅಷ್ಟು ವರ್ಷ ವಿಡಿಯೋ ಮಾಡಿದವನು ನಾನು, ನನಗೆ ಗೊತ್ತಿರಬೇಕಿತ್ತು. ಹಳೇ ಟೇಪಿನಲ್ಲಿ ಸೆಕೆಂಡಿಗೆ ಐವತ್ತು ಅರ್ಧ ಚಿತ್ರ ಇರ್ತವೆ, ಬೆಸ ಗೆರೆಗಳದ್ದೊಂದು, ಸಮ ಗೆರೆಗಳದ್ದೊಂದು. ನಾನು ತಂದಿದ್ದ ಕಡ್ಡಿ ಎರಡೆರಡನ್ನ ಕಲಸಿ ಇಪ್ಪತ್ತೈದು ಮಾಡಿ, ಅದರಲ್ಲೂ ತನಗೆ ಸುಸ್ತಾದಾಗ ಒಂದೊಂದನ್ನ ಬಿಟ್ಟು ಮುಂದಕ್ಕೆ ಹೋಗಿಬಿಡೋದು. ಸುಮ್ಮನೆ ಕೂತ ಮದುವಣಗಿತ್ತಿಗೆ ಅದರಿಂದ ನಷ್ಟ ಇಲ್ಲ. ಕೈಯಲ್ಲಿ ಮಾತಾಡೋಳಿಗೆ ಅಕ್ಷರ ಅಕ್ಷರವೇ ನಷ್ಟ.

ಮೈಸೂರಿನ ಒಂದು ಕಂಪ್ಯೂಟರ್ ಅಂಗಡಿಗೆ ಹೋದೆ. ಅಲ್ಲಿದ್ದವನು ಬಣ್ಣ ಬಣ್ಣದ ದೀಪ ಉರಿಯೋ ಹೊಸ ಪೆಟ್ಟಿಗೆ ತೋರಿಸಿದ. ನನ್ನ ಹತ್ರ ಇರೋ ಹಳೇ ವಿಡಿಯೋ ಕಾರ್ಡು ಕೂರಿಸೋ ಸ್ಲಾಟು ಇದರಲ್ಲಿ ಇದೆಯಾ ಅಂದೆ. ಆ ಸ್ಲಾಟು ಬಂದೇ ಎಷ್ಟೋ ವರ್ಷ ಆಯ್ತು ಸಾ, ಅದೆಲ್ಲ ಯಾಕೆ, ಟಿವಿ ಮುಂದೆ ಮೊಬೈಲ್ ಹಿಡಿದು ರೆಕಾರ್ಡ್ ಮಾಡ್ಕೊಳ್ಳಿ, ಆಮೇಲೆ ಎಐ ಹಾಕಿದ್ರೆ ಬೆರಳೆಲ್ಲ ನೀಟಾಗಿ ಬಂದ್ಬಿಡ್ತದೆ ಅಂದ. ನನಗೆ ಉರೀತು. ನಮ್ಮ ಚಿಕ್ಕಮ್ಮ ಆಡದೇ ಇರೋ ಮಾತನ್ನ ಅವಳ ಕೈಯಲ್ಲಿ ಆಡಿಸೋಕೆ ಇವನ ಎಐ ಯಾರು? ಬೆರಳು ನೀಟಾಗಿರೋದು ಬೇಕಾಗಿಲ್ಲಪ್ಪ, ಅವಳದ್ದೇ ಆಗಿರಬೇಕು ಅಂತ ಹೇಳಿ ಎದ್ದು ಬಂದೆ. ಅವನಿಗೆ ನಾನು ಅರ್ಧ ಹುಚ್ಚ ಅನ್ನಿಸಿರಬೇಕು.

ಬೇಕಾದ ಕಂಪ್ಯೂಟರ್ ಸಿಕ್ಕಿದ್ದು ನಂಜನಗೂಡಲ್ಲೇ, ನಮ್ಮ ಅಂಗಡಿಯಿಂದ ನಾಲ್ಕು ಹೆಜ್ಜೆ ದೂರದಲ್ಲಿ. ಮುಚ್ಚಿಹೋದ ಸೈಬರ್ ಸೆಂಟರೊಂದರ ಹಿಂದೆ ತುಳಸಿ ಕುಂಡಕ್ಕೆ ಪೀಠ ಆಗಿ ಕೂತಿತ್ತು. ಬಿಚ್ಚಿ ನೋಡ್ತೀನಿ, ಎರಡು ಹಳೇ ಸ್ಲಾಟು! ಮಾಲೀಕ ಅದನ್ನ ತಗೊಂಡು ಹೋಗಿ ಪುಣ್ಯ ಕಟ್ಕೊಳ್ಳಿ ಅಂದ. ಜಿರಳೆ ಕುಟುಂಬವನ್ನ ಖಾಲಿ ಮಾಡಿಸಿ, ಹೊಸ ಪವರ್ ಸಪ್ಲೈ ಹಾಕಿ, ಎರಡು ಹಾರ್ಡ್ ಡಿಸ್ಕ್ ಕೂರಿಸಿದೆ. ಒಂದು ಕಂಪ್ಯೂಟರ್ ನಡೆಯೋಕೆ, ಇನ್ನೊಂದು ಬರೀ ವಿಡಿಯೋ ಬರ್ಕೊಳ್ಳೋಕೆ. ಒಂದೇ ಡಿಸ್ಕಿಗೆ ಎರಡೂ ಕೆಲಸ ಹೇಳಿದ್ರೆ ಅದು ತಡವರಿಸಿ ಚಿತ್ರ ಬೀಳಿಸ್ತದೆ. ಐವತ್ತು ಅರ್ಧ ಚಿತ್ರವನ್ನೂ ಕಲಸದೆ ಹಾಗೆಹಾಗೇ ಬರ್ಕೊಳ್ಳೋ ಕಾರ್ಡು ನನ್ನ ಬೀರುವಿನಲ್ಲೇ ಇತ್ತು, ಹಳೇ ಎಡಿಟಿಂಗ್ ಕಾಲದ್ದು.

ಇನ್ನು ವಿಸಿಆರ್. ನನ್ನದು ಸಾಲದು. ಹಳತಾದ ಟೇಪಿನಲ್ಲಿ ಗೆರೆಗಳು ಸೊಟ್ಟಸೊಟ್ಟಗೆ ಬರ್ತವೆ. ಒಳ್ಳೇ ಮಿಷನ್ನಿನಲ್ಲಿ ಒಂದು ಸರ್ಕ್ಯೂಟ್ ಇರ್ತದೆ, ಪ್ರಾರ್ಥನೆ ಸಾಲಲ್ಲಿ ಮಕ್ಕಳನ್ನ ಪಿ.ಟಿ. ಮೇಷ್ಟ್ರು ನೆಟ್ಟಗೆ ನಿಲ್ಲಿಸಿದಂಗೆ ಅದು ಒಂದೊಂದು ಗೆರೇನೂ ನೆಟ್ಟಗೆ ನಿಲ್ಲಿಸ್ತದೆ. ಅಂಥದ್ದೊಂದು ಮೈಸೂರಿನ ಹಳೇ ವಿಡಿಯೋದವರೊಬ್ಬರ ಹತ್ರ ಇತ್ತು. ಬಣ್ಣವನ್ನೂ ಬೆಳಕನ್ನೂ ಬೇರೆಬೇರೆ ತಂತೀಲಿ ಕಳಿಸೋ ಸಾಕೆಟ್ಟೂ ಇತ್ತು ಅದಕ್ಕೆ. ಹೆಣ್ಣು ಕೊಡೋರು ವಿಚಾರಿಸಿದಂಗೆ ವಿಚಾರಿಸಿದ್ರು ಪುಣ್ಯಾತ್ಮರು. ಎಲ್ಲಿ ಇಡ್ತೀಯ, ಧೂಳು ಇದೆಯಾ, ಬೂಸ್ಟು ಹಿಡಿದ ಟೇಪು ಹಾಕಲ್ಲ ತಾನೆ? ಎಲ್ಲದಕ್ಕೂ ತಲೆ ಆಡಿಸಿ ತಂದೆ.

ಇಷ್ಟನ್ನೂ ನರಸೀಪುರಕ್ಕೆ ಸಾಗಿಸಿ ಚಿಕ್ಕಮ್ಮನ ಮನೆ ಹಾಲಲ್ಲೇ ಜೋಡಿಸಿದೆ. ಯಾಕಂದ್ರೆ ಯಾವ ಕೈ ಸರಿಯಾಗಿ ಕಾಣ್ತಿದೆ, ಯಾವುದು ಕಾಣ್ತಿಲ್ಲ ಅಂತ ಹೇಳಬೇಕಾದವಳು ತಂಗಿ, ಅವಳು ಅಮ್ಮನ್ನ ಬಿಟ್ಟು ಬರೋ ಹಂಗಿಲ್ಲ. ಅಸಲಿ ಕ್ಯಾಸೆಟ್ಟು ಇದ್ದದ್ದೂ ಅಲ್ಲೇ, ದೇವರ ಮನೇಲಿ. ಚಿಕ್ಕಮ್ಮನ ಮಂಚ ಹಾಲಿನಲ್ಲೇ, ನನ್ನ ಮೇಜಿನ ಎದುರಿಗೆ. ಅವಳು ದಿಂಬಿಗೆ ಒರಗಿ ಕೂತು ನಾನು ಮಾಡೋದನ್ನೆಲ್ಲ ಕಣ್ಣು ಕೀಳದೆ ನೋಡೋಳು.

ದೇವರ ಮನೇಲಿ ಇದ್ದದ್ದು ಅಂದೆನಲ್ಲ, ಅಲ್ಲೇ ಎಡವಟ್ಟಾಗಿತ್ತು. ಕ್ಯಾಸೆಟ್ ಹಾಕಿದೆ, ಹತ್ತು ಸೆಕೆಂಡು ಚಿನ್ನದಂಥ ಚಿತ್ರ, ಆಮೇಲೆ ಪರದೆ ತುಂಬ ಬರೀ ಬಿಳೀ ಚುಕ್ಕೆ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಮಿಷನ್ ಬಿಚ್ಚಿ ನೋಡಿದ್ರೆ ಟೇಪು ಓದೋ ಹೆಡ್ಡಿಗೆ ಬೂದಿ ಮೆತ್ಕೊಂಡಿದೆ. ಕ್ಯಾಸೆಟ್ಟನ್ನ ತಿರುಗಿಸಿ ನೋಡಿದೆ. ಮೂರು ಬೆರಳಿನ ವಿಭೂತಿ, ಅದರ ಮೇಲೆ ಕುಂಕುಮ, ಒಣಗಿದ ಒಂದು ಎಸಳು. ಚಿಕ್ಕಪ್ಪ ಪ್ರತಿ ಆಯುಧಪೂಜೆಗೂ ಗಿರಣಿ ಬೆಲ್ಟು, ತಕ್ಕಡಿ, ಕುಡುಗೋಲಿನ ಜೊತೆ ಈ ಕ್ಯಾಸೆಟ್ಟನ್ನೂ ಇಟ್ಟು ಪೂಜೆ ಮಾಡ್ತಿದ್ದನಂತೆ. ಮಗಳು ಅದರೊಳಗೆ ಇದಾಳೆ ಅನ್ನೋನಂತೆ. ವರ್ಷ ವರ್ಷ ವಿಭೂತಿ ಕಿಂಡೀಲಿ ಇಳಿದು ಟೇಪಿನ ಸುರುಳಿ ಸೇರಿತ್ತು.

ನನಗೆ ಕೋಪ ಬಂದ್ರೆ ತಲೆಬುಡ ಕಾಣಲ್ಲ. ವಿಭೂತಿ ಹಚ್ಚೋದಕ್ಕೆ ಇದೇನು ಲಿಂಗವಾ, ಪ್ಲಾಸ್ಟಿಕ್ ಡಬ್ಬಿ ಕಣೇ, ಓದಿದವಳು ನೀನಾದ್ರೂ ಹೇಳಬಾರದಿತ್ತಾ ಅಂತ ತಂಗಿ ಮೇಲೆ ಹಾರಾಡಿದೆ. ಅವಳು ನಾನು ಜೊತೆಗೆ ತಂದಿದ್ದ ನನ್ನ ಹಳೇ ವಿಸಿಆರಿನ ನೆತ್ತಿ ಮೇಲೆ ಬೆರಳಿಟ್ಟು ತೋರಿಸಿದ್ಲು. ಹೋದ ಆಯುಧಪೂಜೇಲಿ ನಾನೇ ಇಟ್ಟ ಅರಿಶಿನ ಕುಂಕುಮ ಅಲ್ಲೇ ಗಟ್ಟಿಯಾಗಿ ಕೂತಿತ್ತು. ಮಾಡಿದ್ದುಣ್ಣೋ ಮಹಾರಾಯ ಅಂತ ಬಾಯಿ ಮುಚ್ಕೊಂಡು ಸ್ಕ್ರೂಡ್ರೈವರ್ ತಗೊಂಡೆ. ಚಿಕ್ಕಮ್ಮ ಮಂಚದ ಮೇಲೆ ಕೂತು ಭುಜ ಕುಲುಕಿಸಿ ನಗ್ತಾ ಇದ್ಲು, ಕಿವಿ ಕೇಳದಿದ್ರೂ ನಾನು ಬೈಸ್ಕೊಂಡಿದ್ದು ಅವಳಿಗೆ ಗೊತ್ತಾಗಿತ್ತು.

ಸುರುಳಿಯನ್ನ ಹೊಸ ಡಬ್ಬಿಗೆ ಹಾಕಿ, ಮೆತ್ತನೆ ಬಟ್ಟೆ ಮೇಲೆ ಹಾಯಿಸಿ ಕೈಯಲ್ಲೇ ಸುತ್ತಬೇಕಿತ್ತು, ಬೆಳಿಗ್ಗೆಯಿಂದ ಸಂಜೆವರೆಗೆ. ಮತ್ತೆ ಓಡಿಸೋದು, ಹೆಡ್ಡಿಗೆ ಮತ್ತೆ ಬೂದಿ, ಸ್ಪಿರಿಟ್ ಹಾಕಿ ಒರೆಸೋದು. ಟೇಪು ಓಡುವಾಗ ಪರದೆಯ ಮೂಲೇಲಿ ಒಂದು ಲೆಕ್ಕ ಬರ್ತದೆ, ಎಷ್ಟು ಚಿತ್ರ ಬಿದ್ದೋಯ್ತು ಅಂತ. ಅದು ಸೊನ್ನೆ ಇರಬೇಕು. ಒಂದು ಆದ್ರೂ ನಾನು ನಿಲ್ಲಿಸಿ ಮೊದಲಿಂದ ಶುರು ಮಾಡ್ತಿದ್ದೆ. ಊಟಕ್ಕೆ ಏಳೋದು ಎಲ್ಲಿಂದ ಬಂತು? ತಂಗಿ ಕರೆದಾಗಲೆಲ್ಲ ಆಮೇಲೆ ಅನ್ನೋದು, ಎರಡು ಬಿಸ್ಕೆಟ್ ಕಚ್ಚೋದು, ಸಂಜೆ ಕತ್ತಲಾಗೋಕೆ ಮುಂಚೆ ಸ್ಕೂಟರ್ ಹತ್ತೋದು. ನನ್ನ ತಟ್ಟೆ ಮುಚ್ಚಿದಂಗೇ ಇರ್ತಿತ್ತು.

ಇದರ ಮಧ್ಯೆ ಚಿಕ್ಕಮ್ಮ ಮಧ್ಯಾಹ್ನದ ಊಟ ಬಿಟ್ಲು. ಬೆಳಿಗ್ಗೆ ಒಂದು ಲೋಟ ಗಂಜಿ, ರಾತ್ರಿ ನಾಲ್ಕು ತುತ್ತು. ಮಧ್ಯಾಹ್ನ ತಟ್ಟೆ ತಂದ್ರೆ ಎಡಗೈಯಲ್ಲಿ ತಳ್ಳೋಳು. ತಳ್ಳಿ, ಎಡಗೈ ಬೆರಳುಗಳನ್ನ ಕೊಳವೆ ಥರ ಮಡಿಸಿ ಕಣ್ಣಿನ ಮುಂದೆ ಹಿಡಿದು ತಿರುಗಿಸೋಳು, ಆಮೇಲೆ ಬಾಯಿ ಹತ್ರ ತರೋಳು. ಮತ್ತೆ ಕಣ್ಣು, ಮತ್ತೆ ಬಾಯಿ. ತಂಗಿ ಎಷ್ಟು ನೆನಪು ಮಾಡ್ಕೊಂಡ್ರೂ ಅಂಥ ಮಾತು ಅವಳಿಗೆ ಸಿಗಲಿಲ್ಲ. ಕಣ್ಣು ಮಂಜಾಗಿರಬೇಕು ಅಂದೆ ನಾನು. ಎತ್ತು ಈಯ್ತು ಅಂದ್ರೆ ಕೊಟ್ಟಿಗೇಲಿ ಕಟ್ಟು ಅಂದಂಗೆ, ಮಾರನೇ ದಿನವೇ ಕಣ್ಣಿನ ಡ್ರಾಪ್ಸ್ ಬಂತು. ಎರಡು ದಿನ ಹಾಕಿದ್ವಿ. ಮೂರನೇ ದಿನ ಆ ಸೀಸೆಯನ್ನ ಕಿತ್ಕೊಂಡು ಬಾಗಿಲಾಚೆ ಎಸೆದ್ಲು.

ಅವಳು ಕಣ್ಣೆದುರಿಗೇ ಇಳಿದು ಹೋಗ್ತಿದ್ಲು. ಮನೆಗೆ ಬಂದು ನೋಡಿದ ಡಾಕ್ಟರು, ಹೀಗೇ ಊಟ ಬಿಟ್ರೆ ಮೂಗಿಗೆ ನಳಿಕೆ ಹಾಕಿ ಆಹಾರ ಕೊಡಬೇಕಾಗ್ತದೆ ಅಂತ ಹೇಳಿ ಹೋದ್ರು. ತಂಗಿ ಅಡುಗೆ ಮನೇಲಿ ಕೂತು ಸೆರಗು ಬಾಯಿಗೆ ತುರುಕ್ಕೊಂಡು ಅತ್ತಳು. ಇರೋ ಒಂದು ಕೈಯಲ್ಲಿ ಆ ನಳಿಕೆ ಕೀಳದೆ ಇರ್ತಾಳಾ ಅಣ್ಣ, ಆ ಕೈಯನ್ನೂ ಮಂಚಕ್ಕೆ ಕಟ್ತಾರೆ, ಆಮೇಲೆ ಅಮ್ಮನಿಗೆ ಏನು ಉಳೀತದೆ ಅಂದ್ಲು.  ಆವತ್ತು ನಾನೇ ತಟ್ಟೆ ಹಿಡಿದು ಹೋಗಿ, ತಿನ್ನು ಅಂತ ಕಣ್ಣು ಬಿಟ್ಟು ಗದರಿಸಿದೆ. ಚಿಕ್ಕಮ್ಮ ನನ್ನನ್ನ ಬಹಳ ಹೊತ್ತು ನೋಡಿದ್ಲು. ಕಣ್ಣು, ಬಾಯಿ, ಕಣ್ಣು, ಬಾಯಿ. ಆಮೇಲೆ ಗೋಡೆ ಕಡೆ ತಿರುಗಿ ಮಲಗಿದ್ಲು. ಆ ಗದರಿದ್ದು ನೆನಪಾದ್ರೆ ಈಗಲೂ ನನ್ನ ಮೇಲೆ ನನಗೇ ಅಸಹ್ಯ ಆಗ್ತದೆ.

ಎಲ್ಲದಕ್ಕೂ ಉತ್ತರ ಟೇಪಿನಲ್ಲಿದೆ ಅಂತ ನಾನು ಇನ್ನಷ್ಟು ಹಟ ಹಿಡಿದೆ. ಬೆಳಿಗ್ಗೆ ಇನ್ನೂ ಬೇಗ ಬಂದೆ. ಬಿಸ್ಕೆಟ್ಟೂ ಬಿಟ್ಟೆ.

ಒಂದು ಮಂಗಳವಾರ ಮಧ್ಯಾಹ್ನ ಟೇಪು ಮೊದಲಿಂದ ಕೊನೇವರೆಗೂ ಓಡ್ತು. ಸೊನ್ನೆ. ಒಂದೇ ಒಂದು ಚಿತ್ರ ಬಿದ್ದಿರಲಿಲ್ಲ. ಅರ್ಧ ಚಿತ್ರಗಳನ್ನೆಲ್ಲ ಒಂದೊಂದನ್ನೂ ಪೂರ್ತಿ ಮಾಡಿ, ಸೆಕೆಂಡಿಗೆ ಐವತ್ತರಂತೆ ಟಿವಿಗೆ ಹಾಕಿದೆ. ಅಯ್ಯೋ, ಏನಂತ ಹೇಳಲಿ! ಚಿಕ್ಕಮ್ಮನ ಬಳೆ ಎಣಿಸಬಹುದಿತ್ತು. ಬೆರಳ ಸಂದಿಗೆ ಅಂಟಿದ್ದ ಅರಿಶಿನ ಕಾಣ್ತಿತ್ತು. ತಂಗಿ ಟಿವಿ ಹತ್ರ ಜರುಗಿ, ಇದು ಉಪ್ಪು, ಇದು ನಾಳೆ, ಇದು ನಮ್ಮತ್ತೆ ಅಂತ ಒಂದೊಂದೇ ಗುರುತು ಹಿಡೀತಾ, ತನ್ನ ಕೈಯಲ್ಲೂ ಮಾಡ್ತಾ, ಒಳ್ಳೇ ಶಾಲೆ ಮಗು ಥರ ಕೂತಿದ್ಲು.

ಆಮೇಲೆ ಊಟದ ಸಾಲು ಬಂತು, ಮಧ್ಯದಲ್ಲಿ ಮದುವಣಗಿತ್ತಿ. ಸಾಲಿನ ಈ ತುದೀಲಿ ಪಾಯಸದ ಬಕೆಟ್ ಹಿಡಿದ ಚಿಕ್ಕಪ್ಪ, ಆ ತುದೀಲಿ ಚಿಕ್ಕಮ್ಮ. ಅವಳು ಕಾಲಲ್ಲಿ ನೆಲ ಕುಟ್ಟಿ ಅವನನ್ನ ತಿರುಗಿಸಿದ್ಲು. ಬಲಗೈ ಮುಷ್ಟಿ ಮಾಡಿ ಬಲಭುಜದ ಮೇಲಿಟ್ಟಳು. ಎಡಗೈ ಬೆರಳು ಕೊಳವೆ ಥರ ಮಡಿಸಿ ಕಣ್ಣಿನ ಮುಂದೆ ಹಿಡಿದು ತಿರುಗಿಸಿದ್ಲು. ಆಮೇಲೆ ಬಾಯಿ. ಆಮೇಲೆ ಅಂಗೈ ಮಗುಚಿದ್ಲು, ತನ್ನೆದೆ ಮುಟ್ಕೊಂಡು ಇನ್ನೊಂದು ಸಲ ಮಗುಚಿದ್ಲು. ಆ ಕ್ಷಣಕ್ಕೆ ಸರಿಯಾಗಿ, ಅವಳ ಕೈ ಇನ್ನೂ ಗಾಳೀಲಿರುವಾಗಲೇ, ಆ ಗಿರಣಿ ಗಂಟಲು ಹಾಲೆಲ್ಲ ತುಂಬ್ತು.

"ಯಾರು, ಪೆಟ್ಗೆ ಒತ್ಕೊಂಡವ್ನಲ್ಲ ಅವ್ನಾ? ಉಂಡಿಲ್ವಂತಾ? ಅವ್ನು ಉಣ್ಣಗಂಟ ನೀನೂ ಉಣ್ಣಕಿಲ್ವಾ? ಆಯ್ತು ಬುಡು, ಕರ್ಕೊಂಡ್ ಬತ್ತೀನಿ."

ಚಿಕ್ಕಪ್ಪ ನೇರ ಕ್ಯಾಮರಾ ಕಡೆ ನಡೆದು ಬಂದ. ಅವನ ಅಂಗೈ ದೊಡ್ಡದಾಗಿ ಲೆನ್ಸ್ ಮುಚ್ಚಿತು. ಚಿತ್ರ ವಾಲಿ ಕತ್ತಲಾಯ್ತು. ನನಗೆ ಎಲ್ಲ ನೆನಪಾಯ್ತು. ರಟ್ಟೆ ಹಿಡಿದು ಎಳ್ಕೊಂಡು ಹೋಗಿ ಎಲೆ ಮುಂದೆ ಕೂರಿಸಿದ್ದ. ಅವನೇ ನೋಡಿ ಕರೆದ ಅಂತ ಮೂವತ್ತು ವರ್ಷ ಅಂದ್ಕೊಂಡಿದ್ದೆ ನಾನು. ಕರೆಸಿದ್ದು ಅವಳು. ನನ್ನ ಲೆನ್ಸಿನ ಮುಂದೆಯೇ ನಿಂತು ಕರೆಸಿದ್ಲು, ನನ್ನ ಕಣ್ಣು ಮಾತ್ರ ಮದುವಣಗಿತ್ತಿ ಮೇಲಿತ್ತು. ನೆಗಡಿ ಮೂಗಿನ ಹುಡುಗನಿಗೆ ಅವತ್ತು ಅವಳು ಹೊಸ ಹೆಸರಿಟ್ಟಿದ್ಲು. ಅದೇ ಸಂಜೆ ತಂಗಿ ಬನ್ನೂರಿಗೆ ಹೋದ್ಲು. ಆ ಹೆಸರು ಚಿಕ್ಕಪ್ಪ ಚಿಕ್ಕಮ್ಮನ ಮಧ್ಯೆಯೇ ಉಳೀತು, ಚಿಕ್ಕಪ್ಪ ಹೋದ ಮೇಲೆ ಚಿಕ್ಕಮ್ಮ ಒಬ್ಬಳ ಹತ್ರವೇ.

ನಾವಿಬ್ಬರೂ ಒಟ್ಟಿಗೆ ತಿರುಗಿ ನೋಡಿದ್ವಿ. ಚಿಕ್ಕಮ್ಮ ಟಿವಿ ನೋಡ್ತಾ ಇರಲಿಲ್ಲ. ನನ್ನನ್ನ ನೋಡ್ತಿದ್ಲು. ಆವತ್ತಿನ ತಟ್ಟೆ ಅವಳ ಮುಂದೆ ಹಾಗೇ ಇತ್ತು. ಎಡಗೈ ನಿಧಾನಕ್ಕೆ ಕಣ್ಣಿನ ಹತ್ರ ಹೋಯ್ತು.

"ಅಣ್ಣ," ಅಂದ್ಲು ತಂಗಿ, "ಅದು ಕಣ್ಣಲ್ಲ. ನೀನು."

ನಾನು ಅತ್ತುಬಿಟ್ಟೆ, ಮುಚ್ಚಿಡೋದೇನಿದೆ. ಇಷ್ಟು ದಿನವೂ ಅವಳೆದುರಿಗೆ ಹಸ್ಕೊಂಡು ಕೂತು ಅವಳ ಮಾತು ಹುಡುಕ್ತಾ ಇದ್ದೆ. ಅವಳು ಇಷ್ಟು ದಿನವೂ ಒಂದೇ ಮಾತು ಹೇಳ್ತಿದ್ಲು, ಪೆಟ್ಟಿಗೆ ಹೊತ್ತವನು ಉಂಡಿಲ್ಲ, ಅವನಿಗೆ ಬಡಿಸು ಅಂತ. ಮನೇಲಿ ಒಂದು ಹೊಟ್ಟೆ ಹಸಿದಿದ್ರೆ ಅವಳು ಯಾವತ್ತೂ ಅನ್ನ ಮುಟ್ಟಿದವಳಲ್ಲ. ಅವಳು ತಟ್ಟೆ ತಳ್ತಿದಾಳೆ ಅಂತ ನಾವು ಅಂದ್ಕೊಂಡಿದ್ದು ತಳ್ಳಿದ್ದಲ್ಲ, ನನ್ನ ಕಡೆಗೆ ಜರುಗಿಸಿದ್ದು.

ಮಂಚದ ಪಕ್ಕ ನೆಲದ ಮೇಲೆ ಚಕ್ಕಳಮಕ್ಕಳ ಹಾಕ್ಕೊಂಡು ಕೂತೆ. ತಂಗಿ ಮುದ್ದೆ, ಉಪ್ಸಾರು ತಂದಿಟ್ಲು. ಉಣ್ಣೋಕೆ ಮುಂಚೆ ಚಿಕ್ಕಮ್ಮನ ಕಡೆ ನೋಡಿದೆ. ಅವಳ ಎಡಗೈ ಕಣ್ಣಿನ ಮುಂದೆ ಇತ್ತು, ಬಲಗೈ ಮಡಿಲಲ್ಲಿ ಸತ್ತಂಗೆ ಬಿದ್ದಿತ್ತು. ನಾನು ನನ್ನ ಬಲಗೈ ಮುಷ್ಟಿ ಮಾಡಿ ನನ್ನ ಭುಜದ ಮೇಲಿಟ್ಟೆ. ಅರ್ಧ ಅವಳದು, ಅರ್ಧ ನನ್ನದು, ಮಾತು ಪೂರ್ತಿ ಆಯ್ತು. ಅವಳ ಮುಖ ಅರಳಿದ್ದನ್ನ ಹಿಡಿಯೋ ಕ್ಯಾಮರಾ ಯಾರೂ ಮಾಡಿಲ್ಲ ಬಿಡಿ.

ಮೊದಲ ತುತ್ತು ನುಂಗಿದೆ. ಅದು ನನ್ನ ಗಂಟಲಲ್ಲಿ ಇಳಿಯೋದನ್ನ ನೋಡಿದ್ಲು. ಎರಡನೇದನ್ನೂ ನೋಡಿದ್ಲು. ಮೂರನೇ ತುತ್ತಿಗೆ ತನ್ನ ತಟ್ಟೆಯನ್ನ ಹತ್ತಿರಕ್ಕೆ ಎಳ್ಕೊಂಡು, ಮಗಳ ಕಡೆ ತಿರುಗಿ ಬಾಯಿ ತೆರೆದ್ಲು.